ಪಾತಾಳದ ಅರಮನೆಯಲ್ಲಿ ನನ್ನ ತಂಗಿ

ನನ್ನ ತಂಗಿ ತೀರಿಕೊಂಡು ಆರೇಳು ತಿಂಗಳಾದ ಮೇಲೆ ನನ್ನ ನಾದಿನಿ ಅವಳನ್ನು ನೋಡಿಕೊಂಡು ಬಂದಳು.

ಅದು ಐವತ್ತರ ದಶಕದ ನಡುಭಾಗ. ನನ್ನನ್ನು ಚಾಮರಾಜನಗರದ ಪಕ್ಕದ ಹರದನಹಳ್ಳಿಗೆ ಕೊಟ್ಟಿದ್ದರು. ತವರು ಗುಂಡ್ಲುಪೇಟೆಯಿಂದ ಆಚೆಗೆ, ಬೆಟ್ಟದ ತಪ್ಪಲಿನ ಒಂದು ಸಣ್ಣ ಊರು. ಅಲ್ಲಿಗೆ ಮದರಾಸಿನ ಸಿನಿಮಾ ಕಂಪನಿಯೊಂದು ಬಂದು, ಊರಾಚೆಯ ಬಯಲಿನಲ್ಲಿ ಬಿದಿರು, ಗೋಣಿತಾಟು, ಸುಣ್ಣದಂಥ ಬಿಳಿ ಹಿಟ್ಟಿನಲ್ಲಿ ಪಾತಾಳಲೋಕದ ಅರಮನೆ ಕಟ್ಟಿತ್ತು. ಒಂದಷ್ಟು ದಿನ ಪಿಚ್ಚರ್ ತೆಗೆದು, ಮಿಕ್ಕಿದ್ದಕ್ಕೆ ಮತ್ತೆ ಬರುತ್ತೇವೆಂದು ಹೇಳಿ, ಒಬ್ಬ ಕಾವಲಿನವನನ್ನು ಇಟ್ಟು ಹೊರಟುಹೋಗಿತ್ತು. ಆಮೇಲೆ ಜನ ನೋಡಲು ಬರತೊಡಗಿದರು. ಮೊದಲು ಸುತ್ತಲ ಹಳ್ಳಿಯವರು, ಆಮೇಲೆ ತೆರಕಣಾಂಬಿಯವರು, ನಂಜನಗೂಡಿನವರು. ಗಾಡಿಗಳ ಸಾಲು ನೋಡಿ ಮಲೆಯಾಳಿಯೊಬ್ಬ ಟೀ ಅಂಗಡಿ ಇಟ್ಟ. ಕಡಲೆಪುರಿ, ಸೋಡ ಮಾರುವವರು ಬಂದರು.

ನಾದಿನಿಯನ್ನು ಕುದೇರಿಗೆ ಕೊಟ್ಟಿದ್ದೆವು. ಗಂಡನ ಮನೆಯವರ ಜೊತೆ ಆ ಅರಮನೆ ನೋಡಿಕೊಂಡು ವಾಪಸು ಬರುವಾಗ ಅವಳು ನಮ್ಮ ಮನೆಯಲ್ಲಿ ಇಳಿದಳು. ಬಂದವಳು ಜಗಲಿಯ ಮೇಲೆ ಕೂತು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಅತ್ಗೆ, ನೀ ಎದರ್ಕಬ್ಯಾಡ. ನಿನ್ ತಂಗಿ ಅಲ್ಲಿ ನಿಂತವ್ಳೆ ಕಣತ್ಗೆ. ಕೈಲಿ ದೀಪ ಇಡ್ಕಂಡು ನಿಂತವ್ಳೆ. ಒಬ್ಳಲ್ಲ. ಸಾಲಾಗಿ ಎಲ್ಲಾ ಅವ್ಳೆಯ."

ನಾನು ಕಂಕುಳಲ್ಲಿದ್ದ ಕೂಸನ್ನು ಕೆಳಗಿಳಿಸಿದೆ. 

ಅವಳು ಹೇಳಿದ್ದು ಅರ್ಥವಾಗಲು ತಡವೇನೂ ಆಗಲಿಲ್ಲ. ಕಂಪನಿಯವರು ಇದ್ದಾಗ ನನ್ನ ತಂಗಿ ಅಲ್ಲಿಗೆ ಹಿಟ್ಟು ಕಲಸಲು ನೀರು ಹೊರುವ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ಎರಡನೆಯ ಹೆರಿಗೆಗೆ ಮುಂಚೆ ನಮ್ಮ ಮನೆಗೆ ಬಂದಿದ್ದಾಗ ಅದನ್ನೆಲ್ಲ ಹೇಳಿ ನಗಿಸಿದ್ದಳು. ಬೊಂಬೆ ಮಾಡುವ ಮೇಸ್ತ್ರಿಗೆ ಅವಳ ಮುಖ ಹಿಡಿಸಿತಂತೆ. "ಮೂಗ್ಗೆ ಪರಂಗಿ ದಂಟು ಸಿಗ್ಸಿ, ಮಕದ್ ತುಂಬ ಇಟ್ಟು ಬಳುದ್ರು ಕಣಕ್ಕ. ನಗಬ್ಯಾಡ, ನಗಬ್ಯಾಡ ಅಂತ ಬೈತಾನೆ ಅಯ್ಯ. ನಂಗೆ ನಗ ತಡೀನಾರ್ದೆ ಒಟ್ಟೆ ನೋವೇ ಬಂದ್ಬುಡ್ತು." ನಾವಿಬ್ಬರೂ ನಕ್ಕು ಅದನ್ನು ಅಲ್ಲಿಗೇ ಬಿಟ್ಟಿದ್ದೆವು.

ಅವಳಿಗೆ ಚಳಿಜ್ವರ ಬಂದಾಗ ನಾನು ಹಸಿ ಬಾಣಂತಿ. ಸುದ್ದಿ ಕೇಳಿದರೆ ಎದೆಹಾಲು ಬತ್ತುತ್ತದೆಂದು ಅತ್ತೆ ಎಲ್ಲರ ಬಾಯಿ ಕಟ್ಟಿದ್ದರು. ನಮ್ಮ ಯಜಮಾನರು ಮಣ್ಣಿಗೆ ಹೋಗಿ ಬಂದು, ಎತ್ತು ನೋಡಲು ಬದನಗುಪ್ಪೆಗೆ ಹೋಗಿದ್ದೆ ಎಂದರು. ನಾನು ನಂಬಿದೆ. ಎತ್ತು ಕುದುರಿತಾ ಎಂದೂ ಕೇಳಿದೆ. ನನಗೆ ತಿಳಿಯುವ ಹೊತ್ತಿಗೆ ಅವಳ ಗುಡ್ಡೆಯ ಮೇಲೆ ಹುಲ್ಲು ಬಂದಿತ್ತು. ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಆ ಕಾಲದಲ್ಲಿ ನಮ್ಮಂಥವರ ಮನೆಯಲ್ಲಿ ಯಾರ ಫೋಟೋವೂ ಇರುತ್ತಿರಲಿಲ್ಲ.

"ನಾನು ನೋಡಬೇಕು" ಎಂದೆ. ಯಜಮಾನರು ಎದುರಾಡಲಿಲ್ಲ. ಸುಳ್ಳು ಹೇಳಿದ ನೋವು ಅವರಲ್ಲೂ ಇತ್ತೆಂದು ಕಾಣುತ್ತದೆ. ಮಾರನೆಯ ದಿನವೇ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದೆವು.

ಅವ್ವನಿಗೆ ಎಲ್ಲ ಗೊತ್ತಿತ್ತು. ಊರಿನವರು ಒಬ್ಬರಾದ ಮೇಲೊಬ್ಬರು ಬಂದು ಹೇಳಿದ್ದರು. ಆದರೆ ಅವಳು ಆ ದಿಕ್ಕಿಗೆ ಸೌದೆಗೂ ಹೋಗುವುದನ್ನು ನಿಲ್ಲಿಸಿದ್ದಳು.

"ಸುಣ್ಣದಿಟ್ನ ನೋಡಕ್ಕೆ ನಾನ್ಯಾಕೆ ಓಗ್ಲಿ? ನೀನೂ ಓಗ್ಬ್ಯಾಡ ಕಣಮ್ಮಿ. ಎಳೇ ಕೂಸು ಇಡ್ಕಂಡು."

ತಂಗಿ ಹೋದ ಮೇಲೆ ಅಪ್ಪ ಅವಳ ವಿಷಯವನ್ನೇ ಎತ್ತಿರಲಿಲ್ಲ. ಬೆಳಿಗ್ಗೆ ನಾನು ಎದ್ದು ನೋಡಿದರೆ ಅವ್ವ ಮಿಂದು, ಮಡಿ ಸೀರೆ ಉಟ್ಟು, ಬಾಗಿಲಲ್ಲಿ ನಿಂತಿದ್ದಳು. "ಬಿಸ್ಲು ಏರೋಕ್ ಮುಂಚೆ ಓಗನ ನಡಿ" ಎಂದಳು, ರಾತ್ರಿಯೇನೂ ಆಡಿಲ್ಲವೆಂಬಂತೆ.

ಅರಮನೆಯ ಬಾಗಿಲು ಬಾಯಿ ತೆರೆದ ಸರ್ಪದ ಹಾಗಿತ್ತು. ಮೇಲಿನ ಹಲ್ಲೊಂದು ಮುರಿದು, ಒಳಗಿನ ಬಿದಿರು ಹೊರಚಾಚಿತ್ತು. ಜನ ಅದರಡಿ ತಲೆ ಬಗ್ಗಿಸಿ ಕೇಕೆ ಹಾಕುತ್ತ ಒಳಗೆ ಹೋಗುತ್ತಿದ್ದರು. ಒಳಗೆ ಚಿನ್ನದ ಬಣ್ಣದ ಕಂಬಗಳು. ಬಳಿಗೆ ಹೋದರೆ ಗೋಣಿ ಕಾಣುತ್ತಿತ್ತು. ಎರಡು ಅಂಕಣ ದಾಟಿದ ಮೇಲೆ ಸಿಂಹಾಸನದ ಹಜಾರ. ಅದರ ಎರಡೂ ಬದಿಗೆ ದೀಪ ಹಿಡಿದ ಕನ್ಯೆಯರು ನಿಂತಿದ್ದರು.

ಮೈಯೆಲ್ಲ ಬೇರೆ ಯಾರದೋ. ಕಿರೀಟ, ಕಂಚುಕ, ದಪ್ಪ ಸೊಂಟ. ಅದರ ಮೇಲೆ ನನ್ನ ತಂಗಿಯ ಮುಖ. ನಾದಿನಿ ಹೇಳಿದ್ದು ನಿಜ, ಸಾಲಾಗಿ ಎಲ್ಲಾ ಅವಳೇ. ಅಚ್ಚು ತೆಗೆಯುವಾಗ ಅವಳು ಕಣ್ಣು ಮುಚ್ಚಿದ್ದಳಲ್ಲ, ಆ ಮುಚ್ಚಿದ ರೆಪ್ಪೆಗಳ ಮೇಲೆ ಮೇಸ್ತ್ರಿ ಬಣ್ಣದಲ್ಲಿ ತೆರೆದ ಕಣ್ಣು ಬರೆದಿದ್ದ. ದೂರದಿಂದ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಹತ್ತಿರ ಹೋದರೆ ಎಲ್ಲರೂ ಕಣ್ಣು ಮುಚ್ಚಿದ್ದರು.

ಕೂಸು ಹತ್ತಿರದ ಬೊಂಬೆಯ ಕಡೆಗೆ ಕೈ ಚಾಚಿತು. ನಾನು ಕೂಸನ್ನು ಸೆಳೆದು ಎದೆಗೆ ಅವಚಿಕೊಂಡೆ. ನನ್ನ ಬೆನ್ನಿನ ಮೇಲೆ ಬಿದ್ದು ಬೆಳೆದವಳು ನನ್ನ ತಂಗಿ. ಅವಳ ತಲೆಯ ಹೇನು ಹೆಕ್ಕಿದವಳು ನಾನು. ಆದರೂ ಆಗ ನನಗಾದದ್ದು ದುಃಖವಲ್ಲ, ಹೆದರಿಕೆ. ಓಡಿಹೋಗಬೇಕೆನ್ನಿಸಿತು.

ಮೂಲೆಯ ಬೊಂಬೆಯ ಹಣೆಗೆ ಯಾರೋ ಹೆಂಗಸರು ಕುಂಕುಮ ಇಟ್ಟು, ಕೈಗೆ ಹಸಿರು ಬಳೆ ತೊಡಿಸಿದ್ದರು. ಅದರ ಪಕ್ಕದ್ದಕ್ಕೆ ಯಾರೋ ಇದ್ದಿಲಲ್ಲಿ ಮೀಸೆ ಬರೆದಿದ್ದರು. ಪೇಟೆಯ ಕಡೆಯ ಒಬ್ಬ ಆಸಾಮಿ ಇನ್ನೊಂದರ ಗಲ್ಲ ಹಿಡಿದು, "ಏನ್ ಚೆಲ್ವೆ, ಬತ್ತಿಯೇನಮ್ಮಿ ನಮ್ಮನೆಗೆ?" ಎನ್ನುತ್ತ ಜೊತೆಯವರನ್ನು ನಗಿಸುತ್ತಿದ್ದ.

"ಕೈ ತಗೀಲಾ" ಎಂದಳು ಅವ್ವ.

ಜೋರಾಗಿ ಹೇಳಲಿಲ್ಲ. ಆದರೂ ಹಜಾರದಲ್ಲಿ ನಗು ನಿಂತಿತು. ಆ ಮನುಷ್ಯ ಅವ್ವನ ಮುಖ ನೋಡಿದ, ಬೊಂಬೆಯ ಮುಖ ನೋಡಿದ. ಕೈಯನ್ನು ಪಂಚೆಗೆ ಒರೆಸಿಕೊಂಡು, ಜೊತೆಯವರನ್ನೂ ಕರೆಯದೆ ಹೊರಟುಹೋದ.

ಅವ್ವ ಮೀಸೆ ಬರೆದಿದ್ದ ಬೊಂಬೆಯ ಹತ್ತಿರ ಹೋದಳು. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಉಣ್ಣುವ ಮಕ್ಕಳ ಬಾಯಿ ಒರೆಸುವ ಹಾಗೆ ಒರೆಸಿದಳು. ಇದ್ದಿಲು ಹೋಯಿತು. ಅದರ ಜೊತೆಗೆ ತುಟಿಯ ಬಣ್ಣವೂ ಬಂತು, ಬಣ್ಣದ ಹಿಂದೆ ಬಿಳಿಯ ಪುಡಿ ಬಂತು. ಅವ್ವ ಕೈ ಹಿಂದಕ್ಕೆ ತೆಗೆದಳು. ಸೆರಗಿನ ಮೇಲಿದ್ದ ಪುಡಿಯನ್ನು ಕೊಡವದೆ ನೋಡುತ್ತ ನಿಂತಳು. ಆಮೇಲೆ ನನಗೆ ತುಟಿಯ ಅಂಚು ತೋರಿಸಿ, "ನೋಡ್ದಾ ಕಣಮ್ಮಿ, ನಗ ತಡ್ಕಂಡವ್ಳೆ" ಎಂದಳು.

ಕಾವಲಿನವನಿಗೆ ನಮ್ಮ ಮನೆಯವರ ಗುರುತಿತ್ತು. ಅವನು ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಅವ್ವಾ, ಒಂದ ತಕ್ಕೊಂಡೋಗಿ. ನಾನು ಕಂಪ್ನಿಯೋರ್ಗೆ ಏನಾರ ಏಳ್ಕತೀನಿ. ಮಳೆ ಬಿದ್ರೆ ಎಲ್ಲಾ ಕರಗೋಯ್ತವೆ."

"ಒಬ್ಳ ಕರ್ಕಂಡೋಗಿ ಮಿಕ್ಕೋರ್ನ ಇಲ್ಲೇ ಬುಟ್ಬುಡ್ಲಾ?" ಎಂದಳು ಅವ್ವ.

ನಾನು ಹರದನಹಳ್ಳಿಗೆ ವಾಪಸಾದೆ. ಆಮೇಲೆ ಅವ್ವ ವಾರಕ್ಕೊಂದು ಸಲವಾದರೂ ಅಲ್ಲಿಗೆ ಹೋಗುತ್ತಿದ್ದಳಂತೆ. ಒದ್ದೆ ಬಟ್ಟೆ ತಾಕಿಸದೆ, ಒಣ ಬಟ್ಟೆಯಲ್ಲಿ ಧೂಳು ಹೊಡೆದು, ಯಾರೂ ಮುಟ್ಟದ ಹಾಗೆ ಅಲ್ಲೇ ಕೂತಿರುತ್ತಿದ್ದಳಂತೆ. ಬರುವ ಜನ ಅವಳನ್ನೂ ನೋಡತೊಡಗಿದರು. "ಬೊಂಬೆ ತಾಯಿ" ಎಂದು ಯಾರೋ ಹೆಸರಿಟ್ಟರು. ಇದನ್ನು ಕೇಳಿದ ರಾತ್ರಿಯೆಲ್ಲ ನಾನು ನಿದ್ದೆ ಮಾಡಲಿಲ್ಲ. ನಮ್ಮ ಮನೆಯ ಗೋಡೆಯುದ್ದಕ್ಕೂ ಆ ಕನ್ಯೆಯರು ದೀಪ ಹಿಡಿದು ನಿಂತ ಹಾಗೆ, ನಾನು ಕಣ್ಣು ಬಿಟ್ಟರೆ ಅವರು ಕಣ್ಣು ಮುಚ್ಚುವ ಹಾಗೆ ಕಾಣುತ್ತಿತ್ತು.

ಮಳೆಗಾಲ ಹತ್ತಿರವಾದಾಗ ಅಪ್ಪ ತಾನೇ ಬಂದ. ಅವನು ನಮ್ಮ ಮನೆಗೆ ಕರೆಯದೆ ಬಂದದ್ದೇ ಇಲ್ಲ.

"ಕಂಪ್ನಿಯೋರು ಬಂದವ್ರೆ. ಅರ್ಮನೆಗೆ ಬೆಂಕಿ ಆಕ್ತಾರಂತೆ. ಕತೆ ಅಂಗೈತಂತೆ. ನಿಮ್ಮವ್ವ ಅನ್ನ ಬುಟ್ಟವ್ಳೆ, ನೀ ಬಾ ಮಗ" ಎಂದ.

ನಮ್ಮಲ್ಲಿ ಸತ್ತವರನ್ನು ಹೂಳುವುದೇ ಹೊರತು ಸುಡುವುದಿಲ್ಲ. ಅವ್ವ ಅನ್ನ ಬಿಟ್ಟದ್ದು ಯಾಕೆಂದು ಅಪ್ಪ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾವು ಅವ್ವನ ಜೊತೆ ಗಾಡಿ ಕಟ್ಟಿಕೊಂಡು ಹೋದಾಗ ಬಯಲಿನ ತುಂಬ ಜನ. ಬೆಂಕಿ ನೋಡಲು ಎಲ್ಲೆಲ್ಲಿಂದಲೋ ಬಂದಿದ್ದರು. ಕಂಪನಿಯವರು ಹಗ್ಗ ಕಟ್ಟಿ ಅವರನ್ನು ತಡೆಯುತ್ತಿದ್ದರು. ಅವ್ವ ಹಗ್ಗದಡಿ ನುಗ್ಗಿ, ನೆರೆತ ತಲೆಯ ಸಣಕಲು ಮನುಷ್ಯನೊಬ್ಬನ ಮುಂದೆ ನಿಂತಳು. ಅವನೇ ಬೊಂಬೆ ಮೇಸ್ತ್ರಿ. ಅವನದು ತಮಿಳು, ಕನ್ನಡ ಅಷ್ಟಕ್ಕಷ್ಟೆ. ಅವ್ವ ಹೇಳಿದ್ದರಲ್ಲಿ ಅವನಿಗೆ ಎಷ್ಟು ತಿಳಿಯಿತೋ ಕಾಣೆ, ಆದರೆ ಒಂದು ಮಾತು ತಿಳಿಯಿತು.

"ಅಂದ ಪೊಣ್ಣಾ? ಆ ನಗೋ ಹುಡ್ಗಿಯಾ?" ಎಂದ. "ಸತ್ತೋದ್ಳಾ?"

ಅವನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟ. ಆಮೇಲೆ ಎದ್ದು ಕಂಪನಿಯ ದೊಡ್ಡವರ ಹತ್ತಿರ ಹೋಗಿ ಜಗಳವಾಡುವ ದನಿಯಲ್ಲಿ ಏನೇನೋ ಮಾತಾಡಿದ. ಬೆಂಕಿಯ ಪಿಚ್ಚರನ್ನು ಹೊರಗಿನಿಂದ ತೆಗೆಯುವುದು, ಒಳಗಿನ ಬೊಂಬೆ ಯಾರಿಗೂ ಕಾಣುವುದಿಲ್ಲ, ಬೇಗ ತೆಗೆದುಕೊಂಡು ಹೋಗಿ ಎಂದು ಬಂದು ಹೇಳಿದ. ಕಾವಲಿನವನು, ನಮ್ಮ ಯಜಮಾನರು, ಅಪ್ಪ, ಮೇಸ್ತ್ರಿ ಎಲ್ಲರೂ ಒಳಗೆ ಹೋದರು. ಒಂದೊಂದನ್ನೇ ಸೊಂಟ ಹಿಡಿದು ತಂದು, ಹುಲ್ಲು ಹಾಸಿದ ನಮ್ಮ ಗಾಡಿಯಲ್ಲಿ ಮಲಗಿಸಿದರು. ಕೊನೆಯದನ್ನು ಮೇಸ್ತ್ರಿ ಯಾರಿಗೂ ಕೊಡದೆ ತಾನೇ ಎತ್ತಿಕೊಂಡು ಬಂದ. ಅವ್ವ ಎಲ್ಲದರ ಮೇಲೂ ದುಪ್ಪಟಿ ಹೊದಿಸಿದಳು. ಹಗ್ಗದ ಆಚೆ ನಿಂತಿದ್ದವರಲ್ಲಿ ಗಂಡಸರು ತಲೆಯ ವಸ್ತ್ರ ತೆಗೆದರು.

ಊರ ಯಜಮಾನರು ಮಸಣದ ದಾರಿಯಲ್ಲಿ ಅಡ್ಡ ನಿಂತರು. ಸತ್ತವಳನ್ನು ಎರಡು ಸಲ ಮಣ್ಣು ಮಾಡಿದರೆ ಊರಿಗೆ ಆಗಿಬರುವುದಿಲ್ಲ ಎಂದರು. ಅಪ್ಪ ಗಾಡಿಯನ್ನು ನಮ್ಮ ಹೊಲದ ಕಡೆಗೆ ತಿರುಗಿಸಿದ. ಬದುವಿನ ಪಕ್ಕದಲ್ಲಿ, ಯಾರಿಗೂ ಗುದ್ದಲಿ ಕೊಡದೆ, ಒಬ್ಬನೇ ಅಗೆದ. ಅಗಲವಾದ ಗುಂಡಿ. ಅಗೆದು ಮುಗಿಸಿ ಮೇಲೆ ಹತ್ತಿ, ಅವ್ವನನ್ನು ಕೇಳಿದ:

"ಮಕ ಮ್ಯಾಕೆ ಇರ್ಲಾ, ಎಂಗೆ?"

"ಮಗ್ಗುಲಾಗಿ ಮಲಗ್ಸು" ಎಂದಳು ಅವ್ವ. "ಅವ್ಳು ಮಲಿಕತಾ ಇದ್ದದ್ದೇ ಅಂಗಲ್ವಾ."

ಆಗ ಅಪ್ಪ ಅತ್ತ. ಅವನು ಅತ್ತದ್ದನ್ನು ನಾನು ಅದೊಂದೇ ಸಲ ಕಂಡದ್ದು. ಒಬ್ಬಳ ಬೆನ್ನಿಗೆ ಇನ್ನೊಬ್ಬಳ ಎದೆ ತಾಗುವ ಹಾಗೆ ಎಲ್ಲರನ್ನೂ ಮಗ್ಗುಲಾಗಿ ಮಲಗಿಸಿದೆವು. ನಾನು ಮೊದಲ ಹಿಡಿ ಮಣ್ಣು ಹಾಕಿದೆ. ಹಾಕುವಾಗ ನನಗೆ ಹೆದರಿಕೆಯಾಗಲಿಲ್ಲ.

ಅಷ್ಟರಲ್ಲಿ ಬಯಲಿನ ಕಡೆಯಿಂದ ಹೊಗೆ ಎದ್ದಿತು. ಜನ ಕೂಗಿಕೊಂಡದ್ದು, ಶಿಳ್ಳೆ ಹಾಕಿದ್ದು ನಮ್ಮ ಹೊಲದವರೆಗೂ ಕೇಳಿಸಿತು. ನಾವು ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ಮನೆಗೆ ಬಂದು ಅವ್ವ ಮುದ್ದೆ ತೊಳಸಿದಳು, ಎಲ್ಲರೂ ಉಂಡೆವು.

ಆ ಸಿನಿಮಾ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಚಾಮರಾಜನಗರದ ಟೆಂಟಿಗೆ ಪಾತಾಳದ ಕತೆಯ ಪಿಚ್ಚರ್ ಯಾವುದು ಬಂದರೂ ಯಜಮಾನರು ನನ್ನ ಮುಖ ನೋಡುತ್ತಿದ್ದರು, ನಾನು ಬೇಡವೆಂದು ತಲೆಯಾಡಿಸುತ್ತಿದ್ದೆ. ಅವ್ವ ಆಮೇಲೆ ಬಹಳ ವರ್ಷ ಬದುಕಿದಳು, ತಂಗಿಯ ಮಾತನ್ನು ನಗುನಗುತ್ತಲೇ ಆಡುತ್ತಿದ್ದಳು. ನನಗೆ ಮಾತ್ರ ಒಂದು ಉಳಿದುಬಿಟ್ಟಿದೆ. ಹದಿನಾರು ವರ್ಷ ಕಂಡ ಮುಖ ಅದು. ಒಲೆಯ ಮುಂದೆ, ಕೆರೆಯ ಹತ್ತಿರ, ಜ್ವರದಲ್ಲಿ, ಜಗಳದಲ್ಲಿ ಕಂಡ ಮುಖ. ಈಗ ನೆನೆಯಲು ಕೂತರೆ ಅದು ಬರುವುದಿಲ್ಲ. ರೆಪ್ಪೆಯ ಮೇಲೆ ಕಣ್ಣು ಬರೆದ ಆ ಇನ್ನೊಂದು ಮುಖವೇ ಬರುತ್ತದೆ, ಒಂದಲ್ಲ, ಸಾಲಾಗಿ. ಅವರಲ್ಲಿ ನನ್ನವಳು ಯಾರೆಂದು ನನಗೆ ಗೊತ್ತಾಗುವುದಿಲ್ಲ.