ರನ್‌ವೇಯಲ್ಲಿ ಏಡಿ ಹೆಕ್ಕಿದ ಫೆಲಿಕ್ಸ್ ಮಾಮ

ವಿಮಾನದ ಸದ್ದು ಕೇಳಿದರೆ ಎಲ್ಲರೂ ತಲೆಯೆತ್ತಿ ಆಕಾಶ ನೋಡುತ್ತಾರೆ. ಫೆಲಿಕ್ಸ್ ಮಾಮ ನೆಲ ನೋಡುತ್ತಿದ್ದರು. ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಬೀದಿಯಲ್ಲಿ ಬಸ್ಸಿಗೆ ಕಾಯುವಾಗ ಮೇಲೆ ವಿಮಾನ ಹಾದರೆ ಸಾಕು, ಅವರ ಕಣ್ಣು ಫುಟ್‌ಪಾತಿನ ಮೇಲೆ ಹುಡುಕತೊಡಗುತ್ತಿತ್ತು. ಕಲ್ಲೋ ಮೊಳೆಯೋ ಕಂಡರೆ ಬೂಟಿನ ತುದಿಯಿಂದ ಬದಿಗೆ ಸರಿಸಿ, ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸಕ್ಕೆಂದು ಮೈಸೂರಿನಿಂದ ಬಂದವಳು. ಅವರು ಮಂಗಳೂರಿನ ಕಡೆಯವರು. ಎಂಬತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಇಲ್ಲಿನದೇ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಮೊದಲ ದಿನ ನಾನು ಅಂಕಲ್ ಎಂದಾಗ ಕೈ ಅಲ್ಲಾಡಿಸಿದರು. "ಅಂಕಲ್ ಎಲ್ಲ ಬೇಡ ಮಾರಾಯ್ತಿ. ಮಾಮ ಹೇಳು, ಸಾಕು."

ಯಾವುದಕ್ಕೂ ಅವರದು ಒಂದೇ ಮಾತು: "ಎಂತ ಮಾಡುದು?" ಜನವರಿಯಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ಮನೆಯೆಲ್ಲ ಮಂಜುಗಡ್ಡೆಯಾದಾಗಲೂ ಅಷ್ಟೇ. "ಎಂತ ಮಾಡುದು? ಕೋಟು ಹಾಕಿಕೊಂಡು ಊಟ ಮಾಡು."

ಅವರು ಉತ್ಸಾಹದಿಂದ ಹೇಳುತ್ತಿದ್ದ ಕತೆಯೂ ಒಂದೇ. ಹರೆಯದಲ್ಲಿ ಅವರು ಹಿಂದೂ ಮಹಾಸಾಗರದ ಒಂದು ದ್ವೀಪದಲ್ಲಿ, ಬ್ರಿಟಿಷ್ ಸೇನೆಯ ವಿಮಾನ ನೆಲೆಯಲ್ಲಿ ಕೆಲಸಕ್ಕಿದ್ದರು. ತೆಂಗಿನ ಮರ ಕಡಿದು, ಹವಳದ ಕಲ್ಲು ಹಾಸಿ, ಮೇಲೆ ಡಾಂಬರು ಹಾಕಿದ ರನ್‌ವೇ. ಅದು ಮುಗಿಯುವಲ್ಲಿ ದ್ವೀಪವೂ ಮುಗಿಯುತ್ತಿತ್ತಂತೆ. ವಿಮಾನ ಇಳಿಯುವ ಮೊದಲು ಅದರ ಉದ್ದಕ್ಕೂ ಹೋಗಿ ಕಲ್ಲು, ಮೊಳೆ, ಏಡಿ ಹೆಕ್ಕುವುದು ಇವರ ಕೆಲಸ.

"ಏಡಿ ಅಂದ್ರೆ ಎಷ್ಟು ಏಡಿ! ಡಾಂಬರು ಬೆಚ್ಚಗೆ ಉಂಟಲ್ಲ, ಸಂಜೆ ಆದ್ರೆ ಎಲ್ಲ ಬಂದು ಕೂತ್ಕೊಳ್ಳುದು. ಒಂದೊಂದನ್ನೇ ಹೆಕ್ಕಿ ಬಕೆಟಿಗೆ ಹಾಕ್ಬೇಕು. ಮೇಲೆ ಪೈಲಟ್ ಸುತ್ತು ಹಾಕ್ತಾ ಬೈತಾ ಇರ್ತಾನೆ!" ಎಂದು ಹೆಬ್ಬೆರಳಿನ ಗಾಯದ ಗುರುತು ತೋರಿಸುತ್ತಿದ್ದರು. ಅಂಚೆಯವನಿಗೂ, ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಶನಿಸ್ಟಿಗೂ ಈ ಕತೆ ಬಾಯಿಪಾಠವಾಗಿತ್ತು. ಕತೆ ಏಡಿಗಳಿಂದ ಮುಂದೆ ಹೋದದ್ದೇ ಇಲ್ಲ.

ಮಾರ್ಚಿನಲ್ಲಿ ಮೈಸೂರಿನಲ್ಲಿ ಅಪ್ಪ ತೀರಿಕೊಂಡರು. ನನ್ನ ಪಾಸ್‌ಪೋರ್ಟ್ ವೀಸಾ ಕಚೇರಿಯಲ್ಲಿತ್ತು, ಹೊರಡಲಾಗಲಿಲ್ಲ. ಸಂಸ್ಕಾರವನ್ನು ಫೋನಿನಲ್ಲಿ ನೋಡಿದೆ. ನಡುವೆ ನೆಟ್‌ವರ್ಕ್ ಹೋಯಿತು, ಮತ್ತೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೋಮವಾರ ಕೆಲಸಕ್ಕೆ ಹೋದೆ.

ಆ ಶನಿವಾರ ಮಧ್ಯಾಹ್ನ ಮಾಮ ಕೆಳಗೆ ಕರೆದು, ಕುಚ್ಚಲಕ್ಕಿ ಗಂಜಿಯ ಬಟ್ಟಲು ಮುಂದಿಟ್ಟರು.

"ಅಳು ಬರ್ಲಿಲ್ಲ ಅಲ್ವಾ?"

"ಇಲ್ಲ ಮಾಮ. ಏನೂ ಅನ್ನಿಸ್ತಾನೇ ಇಲ್ಲ. ನಂಗೆ ಏನಾಗಿದೆಯೋ ಗೊತ್ತಿಲ್ಲ."

ಅವರು ಎದುರಿಗೆ ಕೂತು, ಹವಾಮಾನ ವರದಿ ಓದುವವರ ದನಿಯಲ್ಲಿ ಹೇಳತೊಡಗಿದರು. ಸೇನೆಗೆ ಆ ನೆಲೆ ಬೇಡವಾಯಿತು. ದೀಪಗಳನ್ನು ಕಿತ್ತರು, ಅಲ್ಲಿನ ಸಣ್ಣ ಆಸ್ಪತ್ರೆ ಮುಚ್ಚಿತು, ಅಡುಗೆಮನೆಯಲ್ಲೂ ಲಾಂಡ್ರಿಯಲ್ಲೂ ದುಡಿಯುತ್ತಿದ್ದ ದ್ವೀಪದವರಿಗೆ ಕೆಲಸ ಹೋಯಿತು. ಕೊನೆಯ ವಿಮಾನದಲ್ಲಿ ಹೋಗುವವರ ಪಟ್ಟಿ ಬರೆಯುವ ಕೆಲಸ ಮಾಮನ ಪಾಲಿಗೆ ಬಂತು. ಹೊರಡುವ ಹೊತ್ತಿಗೆ ಲಾಂಡ್ರಿಯ ಯೂಸುಫ್, ಆರು ವರ್ಷ ಇವರ ಜೊತೆ ಕೂತು ಉಂಡವನು, ಜ್ವರದಿಂದ ಸುಡುತ್ತಿದ್ದ ಮಗಳನ್ನು ಎತ್ತಿಕೊಂಡು ಬಂದ. ಇವಳ ಹೆಸರೂ ಬರಿ ಎಂದ.

"ಸಾಹೇಬ ಹತ್ತು ಹೆಜ್ಜೆ ದೂರ ನಿಂತಿದ್ದ. ಒಂದು ಮಾತು ಕೇಳ್ಬಹುದಿತ್ತು. ನಾನು ಕೇಳ್ಲಿಲ್ಲ. ಲಿಸ್ಟ್ ಮುಗೀತು ಅಂತ ಹೇಳಿದೆ."

"ಯಾಕೆ ಮಾಮ?"

"ಸಾಹೇಬ ಬೇಡ ಅಂದ್ರೆ ಯೂಸುಫನ ಎದುರು ನನ್ನ ಮರ್ಯಾದೆ ಹೋಗ್ತದೆ ಅಂತ. ಅಷ್ಟೇ. ನನ್ನ ಪಕ್ಕದ ಸೀಟು ಖಾಲಿ ಇತ್ತು. ಅದ್ರಲ್ಲಿ ಟೊಪ್ಪಿ ಇಟ್ಕೊಂಡು ಬಂದೆ."

"ಆ ಹುಡುಗಿ?"

"ಗೊತ್ತಿಲ್ಲ. ಹೆಸರು ಸಹ ಕೇಳ್ಲಿಲ್ಲ. ನನಗೂ ಅವತ್ತು ಏನೂ ಅನ್ನಿಸ್ಲಿಲ್ಲ. ಆಮೇಲೆ ಸಹ ಇಲ್ಲ."

ನಾನು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ. ಗಂಜಿ ಉಂಡೆ. ಅವರು ಬಟ್ಟಲು ತೊಳೆದಿಟ್ಟರು.

ಅಕ್ಟೋಬರಿನಲ್ಲಿ ಮಾಮ ಆಸ್ಪತ್ರೆ ಸೇರಿದರು; ಹೃದಯ ಸೋತಿತ್ತು. ಒಂದು ಭಾನುವಾರ ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆದು ದ್ವೀಪವನ್ನು ತೋರಿಸಿದೆ. ನೀಲಿಯ ನಡುವೆ ಒಂದು ಬೂದು ಗೆರೆ, ಅದರ ಎರಡೂ ಅಂಚುಗಳನ್ನು ಪೊದೆ ನುಂಗಿತ್ತು. ಚಾವಣಿಯಿಲ್ಲದ ಒಂದು ಕಟ್ಟಡದ ಮೇಲೆ ಬೆರಳಿಟ್ಟು "ಲಾಂಡ್ರಿ" ಎಂದರು. ಅದರಾಚೆ ಹೊಸ ಮನೆಗಳು ಕಾಣುತ್ತಿದ್ದವು.

"ಅಲ್ಲಿ ಯಾರನ್ನಾದ್ರೂ ಕೇಳೋಣ್ವಾ ಮಾಮ?"

ಮಾಮ ಫೋನನ್ನು ನನ್ನ ಕಡೆಗೆ ಸರಿಸಿ ಹೇಳಿದರು: "ಕೇಳು."

ದ್ವೀಪದ ಶಾಲೆಗೆ ಒಂದು ಫೇಸ್‌ಬುಕ್ ಪುಟವಿತ್ತು. ಲಾಂಡ್ರಿಯ ಯೂಸುಫನ ಮಗಳು, ಕೊನೆಯ ವಿಮಾನದ ದಿನ ಕಾಯಿಲೆಯಲ್ಲಿದ್ದವಳು, ಏನಾದಳು ಎಂದು ಕೇಳಿದೆ. ಒಂಬತ್ತನೆಯ ದಿನ ಉತ್ತರ ಬಂತು. ಬರೆದವರು ಅವಳ ತಂಗಿ. ಅಪ್ಪ ಮೀನುಗಾರರ ದೋಣಿಯಲ್ಲಿ ಅವಳನ್ನು ಬೇರೆ ದ್ವೀಪದ ಆಸ್ಪತ್ರೆಗೆ ಕರೆದೊಯ್ದರು, ದಾರಿಯಲ್ಲೇ ತೀರಿಕೊಂಡಳು, ಅವಳ ಹೆಸರು ಜುಬೇದಾ, ಕೇಳುತ್ತಿರುವ ನೀವು ಯಾರು?

ಸಂಜೆ ವಾರ್ಡಿಗೆ ಹೋದೆ. ಉತ್ತರ ಇನ್ನೂ ಬಂದಿಲ್ಲ ಎನ್ನಬಹುದೇ ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆ. ಆದರೆ ಮಾಮ ನನ್ನ ಮುಖವನ್ನೇ ನೋಡುತ್ತಿದ್ದರು. ಓದಿ ಹೇಳಿದೆ.

"ಜುಬೇದಾ," ಎಂದರು. ಮತ್ತೊಮ್ಮೆ, ಮೆಲ್ಲಗೆ, "ಜುಬೇದಾ."

"ನೀವು ಯಾರು ಅಂತ ಕೇಳಿದಾರೆ ಮಾಮ. ಏನು ಬರೀಲಿ?"

"ಲಿಸ್ಟ್ ಬರೆದವನು ಅಂತ ಬರಿ."

ಅವರ ಎದುರಿಗೇ ಆ ಒಂದು ಸಾಲು ಬರೆದು ಕಳಿಸಿದೆ. ನರ್ಸ್ ಬಂದು ಬಿಪಿ ನೋಡಿ ಹೋದಳು. ನಾನು ಎದ್ದಾಗ ಮಾಮ ಕೈ ಹಿಡಿದುಕೊಂಡರು. ಅದುವರೆಗೆ ಹಾಗೆ ಹಿಡಿದವರಲ್ಲ.

"ನಾಳೆ ಬರ್ತೀಯಾ? ಇನ್ನೂ ಸ್ವಲ್ಪ ಹೇಳ್ಲಿಕ್ಕುಂಟು."

"ಬರ್ತೀನಿ ಮಾಮ."

ಮರುದಿನ ಕೆಲಸ ಐದಕ್ಕೇ ಮುಗಿದಿತ್ತು. ಆಸ್ಪತ್ರೆಯ ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಇನ್ನೂ ಏನು ಕೇಳಬೇಕಾಗುತ್ತದೋ ಎಂದು ನಾನು ಹತ್ತಲಿಲ್ಲ. ಮನೆಗೆ ಹೋಗಿ ಬಟ್ಟೆ ಒಗೆದು ಹಾಕಿದೆ. ಬುಧವಾರ ಬೆಳಿಗ್ಗೆ, ಮಾಮ ರಾತ್ರಿ ತೀರಿಕೊಂಡರು ಎಂದು ಆಸ್ಪತ್ರೆಯಿಂದ ಫೋನ್ ಬಂತು. ಅವರಿಗೆ ನೀವು ಏನಾಗಬೇಕು ಎಂದು ಕೇಳಿದರು. ಬಾಡಿಗೆಗೆ ಇರುವವಳು ಎಂದೆ.