ಕಲ್ಲಿನ ಮೇಲೆ ಕಲ್ಲಿಡಬಾರದ ಬೆಟ್ಟ

ಬೆಟ್ಟದ ಮೇಲೆ ಗಡ್ಡದ ಗಂಡಸೊಬ್ಬ ಹಲ್ಲುಜ್ಜುವ ಬ್ರಷ್ಷಿನಂಥದ್ದನ್ನು ಹಿಡಿದು ಬಂಡೆ ತಿಕ್ಕುತ್ತಿದ್ದ. ಪೂಜೆಗೆಂದು ಕಲ್ಲು ತೊಳೆಯುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವನ ಬಳಿ ನೀರಿರಲಿಲ್ಲ, ಹೂವಿರಲಿಲ್ಲ, ಮುಖದಲ್ಲಿ ಭಕ್ತಿಯೂ ಇರಲಿಲ್ಲ. ಹತ್ತುವಾಗ ಜಾರದಿರಲೆಂದು ಬೆರಳಿಗೆ ಹಚ್ಚಿಕೊಂಡ ಬಿಳಿ ಪುಡಿ ಬಂಡೆಗೆ ಅಂಟಿತ್ತಲ್ಲ, ಅದನ್ನು ಅಳಿಸುತ್ತಿದ್ದ. ತಾನು ಬಂದುಹೋದ ಗುರುತು ಉಳಿಯಬಾರದಂತೆ. ಕಳ್ಳರೂ ಇಷ್ಟು ಜಾಗ್ರತೆ ಮಾಡುವುದಿಲ್ಲ ಎಂದು ನನ್ನ ಗಂಡ ವೀರೇಶರ ಕಿವಿಯಲ್ಲಿ ಹೇಳಿದೆ. ಅವರು ನಗಲಿಲ್ಲ. ಆ ದಿನಗಳಲ್ಲಿ ಅವರು ಯಾವುದಕ್ಕೂ ನಗುತ್ತಿರಲಿಲ್ಲ.

ನಾವು ಗಂಗಾವತಿಯವರು. ಬಂಡೆಗಳಿಗೆ ನಮ್ಮಲ್ಲಿ ಬರವಿಲ್ಲ. ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ಆನೆಗೊಂದಿ ಕಡೆ ಬರುತ್ತಿದ್ದ ಫಾರಿನ್ನವರ ಹಿಂದೆ ಓಡಿ, ಇವರಿಗೆ ಮಲಗಲು ಮನೆಯಿಲ್ಲವೇ ಎಂದು ನಗುತ್ತಾ ಬೆಳೆದವಳು ನಾನು. ೨೦೨೧ರಲ್ಲಿ ಅಮೆರಿಕದ ರಾಲಿಗೆ ಬಂದ ಮೇಲೆ ನನ್ನ ಗಂಡನೇ ಅಂಥ ಹಾಸಿಗೆ ಹೊತ್ತರು. ಅದಕ್ಕೆ ಇಲ್ಲಿ ಕ್ರ್ಯಾಶ್ ಪ್ಯಾಡ್ ಎನ್ನುತ್ತಾರೆ. ಹಗ್ಗವಿಲ್ಲದೆ ಬಂಡೆ ಹತ್ತುವುದು, ಬಿದ್ದರೆ ಅದರ ಮೇಲೆ ಬೀಳುವುದು. ಈ ಆಟದ ಹೆಸರು ಬೌಲ್ಡರಿಂಗ್.

ಅವರು ಬಂಡೆ ಹಿಡಿದದ್ದಕ್ಕೆ ಕಾರಣವಿತ್ತು. ಬಂದ ಮರುವರ್ಷ ನಾನು ಬಸುರಿಯಾದೆ. ಎರಡು ರೂಮಿನ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಿದೆವು. ಏಳನೇ ತಿಂಗಳಲ್ಲಿ ಮಗಳು ಹೊಟ್ಟೆಯೊಳಗೇ ತೀರಿಕೊಂಡಳು. ಆಸ್ಪತ್ರೆಯವರು ತುಂಬಾ ಅಂತಃಕರಣದ ಜನ. ಮುಂದಿನ ಕಾರ್ಯವನ್ನು ನಾವೇ ನೋಡಿಕೊಳ್ಳೋಣವೇ ಎಂದು ಕೇಳಿದರು. ಇಲ್ಲಿ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂದು ನಮಗೆ ಒಂದೂ ಗೊತ್ತಿರಲಿಲ್ಲ. ಇಬ್ಬರೂ ಹೂಂ ಎಂದು ತಲೆಯಾಡಿಸಿದೆವು. ಕೆಲವು ವಾರ ಕಳೆದು, ಅವಳು ಎಲ್ಲಿದ್ದಾಳೆ ಎಂದು ಫೋನ್ ಮಾಡಿ ಕೇಳಿದೆ. ಬೇರೆ ಕೂಸುಗಳ ಜೊತೆಗೇ ಎಲ್ಲ ಮುಗಿಯಿತು, ಅವಳದೇ ಅನ್ನುವ ಜಾಗ ಇಲ್ಲ ಎಂದು ಮೆಲ್ಲಗೆ ತಿಳಿಸಿದರು. ನಮ್ಮ ಕಡೆ, ಒಂದು ಸಲವೂ ಅಳದೆ ಹೋದ ಕೂಸಿಗೂ ಹೊಲದ ಬದುವಿನಲ್ಲಿ ಮಣ್ಣು ಸಿಗುತ್ತದೆ, ಮೇಲೊಂದು ಕಲ್ಲು ಸಿಗುತ್ತದೆ. ಹೆತ್ತವಳು ಆ ಕಡೆ ಹೋದಾಗ ನೋಡುತ್ತಾಳೆ.

ಊರಿನಿಂದ ಅವ್ವ ಫೋನಿನಲ್ಲಿ ಕೇಳಿದಳು, “ಕೂಸಿನ್ನ ಎಲ್ಲಿ ಮಣ್ಣ ಮಾಡಿದ್ರವಾ? ಮ್ಯಾಲ ಒಂದ್ ಕಲ್ಲಾರ ಇಟ್ಟೀರಿಲ್ಲೋ?”

“ಇಟ್ಟೀವವ್ವ,” ಎಂದೆ. ಇನ್ನೇನು ಹೇಳಲಿ?

ಆಮೇಲೆ ಮನೆಯಲ್ಲಿ ಮಾತು ನಿಂತಿತು. ವೀರೇಶ ಆಫೀಸು ಮುಗಿಸಿ, ಗೋಡೆ ಹತ್ತುವ ಜಿಮ್ಮಿಗೆ ಹೋಗಿ, ಬೆರಳು ಸುಲಿದುಕೊಂಡು ಬರುತ್ತಿದ್ದರು. ನಾನು ಕೂಸಿಗೆಂದು ಇಟ್ಟಿದ್ದ ರೂಮಿನ ಬಾಗಿಲು ಹಾಕಿ ಕೂತಿರುತ್ತಿದ್ದೆ. ಅಕ್ಕಪಕ್ಕದವರು ದಿನವೂ ‘ಹೌ ಆರ್ ಯೂ’ ಎನ್ನುತ್ತಿದ್ದರು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ನಮ್ಮೂರಿನಲ್ಲಾದರೆ ಓಣಿಯ ಹೆಂಗಸರು ಬಂದು ನನಗಿಂತ ಜೋರಾಗಿ ಅತ್ತು, ನನ್ನ ಅಳು ಮುಗಿಸಿ ಹೋಗುತ್ತಿದ್ದರು.

ಚಳಿಗೆ ಮುಂಚೆ ಜಿಮ್ಮಿನ ಗೆಳೆಯರು ಪಶ್ಚಿಮದ ಬೆಟ್ಟಗಳಿಗೆ ಹೊರಟಾಗ ನಾನೂ ಕಾರು ಹತ್ತಿದೆ. ಅದು ವೈಲ್ಡರ್‌ನೆಸ್, ಅಂದರೆ ರಸ್ತೆ, ಯಂತ್ರ, ಕಟ್ಟಡ ಯಾವುದೂ ಬರಬಾರದೆಂದು ಕಾನೂನು ಕಾಯುವ ಕಾಡು. ಎತ್ತರದಲ್ಲಿ ಬೋಳು ಬೆಟ್ಟ, ಅದರ ಕೆಳಗೆ ಕರಿ ಮರಗಳು, ಕೊಯ್ಯುವಂಥ ಗಾಳಿ. ಬಂಡೆ ತಿಕ್ಕುತ್ತಿದ್ದ ಆ ಗಡ್ಡದವನನ್ನು ಕಂಡದ್ದು ಇಲ್ಲೇ. ಗುಂಪಿನ ಹಿರಿಯಳು ಮೇಗನ್ ಎಂಬ ಶಾಲೆ ಟೀಚರು. ಪಾಚಿಯ ಮೇಲೆ ಪ್ಯಾಡ್ ಹಾಸಬೇಡಿ, ತುಳಿದ ದಾರಿಯಲ್ಲೇ ತುಳಿಯಿರಿ, ಕಿತ್ತಳೆ ಸಿಪ್ಪೆಯನ್ನೂ ವಾಪಸ್ ಒಯ್ಯಿರಿ ಎಂದು ಅವಳ ಪಾಠ. ಉಸಿರನ್ನೂ ಚೀಲಕ್ಕೆ ತುಂಬಿಕೊಂಡು ಹೋಗಬೇಕೇನೋ ಎಂದುಕೊಂಡೆ.

ಅವರು ಹತ್ತುತ್ತಿದ್ದಾಗ ನಾನು ಪಕ್ಕದ ಝರಿಯ ಬಳಿ ಕೂತೆ. ಕೈ ಸುಮ್ಮನಿರಲಿಲ್ಲ. ನಮ್ಮ ಕಡೆ ಬೆಟ್ಟ ಹತ್ತಿದವರು ಸ್ವಂತ ಮನೆಯಾಗಲಿ ಎಂದು ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟಿ ಬರುತ್ತಾರಲ್ಲ, ಹಾಗೆ ಎರಡು ಕಲ್ಲು ನಿಲ್ಲಿಸಿದೆ. ನೀರಿನಂಚಿನಿಂದ ಅಗಲವಾದದ್ದೊಂದನ್ನು ಕಿತ್ತು ಮೇಲೆ ಮುಚ್ಚಿದೆ. ಒಳಗೆ ಒಂದು ಬಿಳಿ ಹರಳು ಇಟ್ಟೆ.

ವೀರೇಶ ಬಂದು ನೋಡಿದರು. ನಾನು ಏನೂ ಹೇಳಬೇಕಾಗಲಿಲ್ಲ. ಮಂಡಿಯೂರಿ ಕೂತು, “ಆಕೀದೇನ?” ಎಂದರು.

“ಹೂಂ.”

ಅವರೂ ಒಂದು ಕಲ್ಲು ಹುಡುಕಿ ತಂದು ಮೇಲಿಟ್ಟರು. ಆಮೇಲೆ ಅತ್ತರು. ಆಸ್ಪತ್ರೆಯಲ್ಲಿ ಅಳದಿದ್ದ ಮನುಷ್ಯ. ನನಗೆ ದುಃಖದ ನಡುವೆಯೇ ಎಷ್ಟು ಸಮಾಧಾನವಾಯಿತೆಂದರೆ, ಅವ್ವನಿಗೆ ಹೇಳಿದ ಸುಳ್ಳು ಇನ್ನು ಸುಳ್ಳಲ್ಲ ಅನ್ನಿಸಿತು.

ಅಷ್ಟರಲ್ಲಿ ಮೇಗನ್ ಬಂದಳು. ಚೆನ್ನಾಗಿದೆ, ಆದರೆ ಬಿಚ್ಚಿಬಿಡಿ ಎಂದಳು. ಝರಿಯ ಕಲ್ಲುಗಳ ಕೆಳಗೆ ಸಾಲಮ್ಯಾಂಡರ್ ಇರುತ್ತವೆ, ನೋಡಲು ಹಲ್ಲಿಯ ಹಾಗೆ, ಮೈ ಮಾತ್ರ ಕಪ್ಪೆಯಂತೆ ಒದ್ದೆ. ಕಲ್ಲು ಸರಿಸಿದರೆ ಒಣಗಿ ಸಾಯುತ್ತವೆ ಎಂದು ವಿವರಿಸಿದಳು.

“ದಿಸ್ ಈಸ್ ಫಾರ್ ಅವರ್ ಡಾಟರ್. ಶೀ ಡೈಡ್,” ಎಂದರು ವೀರೇಶ.

ಮೇಗನ್ ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಕಣ್ಣೂ ತುಂಬಿತು. “ಐ ಆಮ್ ಸೋ ಸಾರಿ. ಲೀವ್ ಇಟ್. ಪ್ಲೀಸ್,” ಎಂದಳು. ಹಾಗೇ ಇರಲಿ ಎಂದು ದೂರ ಹೋದಳು.

ಇರಲಿ ಎಂದ ಮೇಲೂ ನನ್ನ ಕಣ್ಣು ಅಗಲ ಕಲ್ಲು ಕಿತ್ತ ತಗ್ಗಿಗೆ ಹೋಯಿತು. ಅಲ್ಲಿ ಕಿರುಬೆರಳಷ್ಟು ಜೀವಿಯೊಂದು ಬಿಸಿಲಿನಲ್ಲಿ ಅತ್ತಿತ್ತ ತಿರುಗುತ್ತಿತ್ತು. ಅದರ ಸೂರನ್ನು ನಾನು ನನ್ನ ಮಗಳಿಗೆ ಸೂರು ಮಾಡಿದ್ದೆ. ನನ್ನಿಂದ ಆಗಲಿಲ್ಲ. ಮೇಲಿನ ಕಲ್ಲು ತೆಗೆದೆ, ಅಗಲ ಕಲ್ಲನ್ನು ಒದ್ದೆ ಮಗ್ಗುಲು ಕೆಳಗೆ ಮಾಡಿ ಅದರ ತಗ್ಗಿಗೇ ಕೂರಿಸಿದೆ. ಹರಳನ್ನು ನೀರಿಗೆ ಬಿಟ್ಟೆ. ಉಳಿದ ಕಲ್ಲುಗಳು ಬೇರೆ ಕಲ್ಲುಗಳ ನಡುವೆ ಸೇರಿಹೋದವು.

“ಯಾಕ ಕೆಡವಿದಿ?” ವೀರೇಶ ಕೇಳಿದರು. “ಮೇಗನ್ ತಾನ ಇರ್ಲಿ ಬಿಡು ಅಂದ್ಲಲ್ಲ! ನಿನಗೇನಾಗಿತ್ತು?”

ಒದ್ದೆ ಕೈ ಒರೆಸಿಕೊಂಡು ಇಳಿಯುವ ದಾರಿ ಹಿಡಿದೆ.

ಅವರು ಮತ್ತೆ ಬೆಟ್ಟಕ್ಕೆ ಬರಲಿಲ್ಲ. ಹಾಸಿಗೆ ನನ್ನ ಬೆನ್ನಿಗೆ ಬಂತು. ಮೇಗನ್ ಜೊತೆ ಹೋಗಿ ಒಂದು ಸಣ್ಣ ಬಂಡೆ ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಝರಿಗೆ ಹೋದೆ. ನಾನೇ ಇಟ್ಟ ಕಲ್ಲು ಯಾವುದೆಂದು ನನಗೇ ತಿಳಿಯಲಿಲ್ಲ. ಅಷ್ಟು ಚೆನ್ನಾಗಿ ವಾಪಸ್ ಇಟ್ಟಿದ್ದೆ. ಮೇಗನ್ ಅದನ್ನು ಮೆಚ್ಚಿದಳು. ನಾನು ಬಂಡೆಯ ಹಿಂದೆ ಹೋಗಿ ಅತ್ತೆ.

ಈಚೆಗೆ ಒಂದು ಭಾನುವಾರ, ಉಪ್ಪಿಟ್ಟು ತಿನ್ನುತ್ತಾ ವೀರೇಶ ಹೇಳಿದರು, “ಊರಿಗೆ ಹೋಗೋಣ. ಹೊಸಪೇಟ್ಯಾಗ ಕೆಲಸ ಸಿಗತೈತಿ.” ಇಲ್ಲಿಗೆ ಬಂದಾಗಿನಿಂದ ನಾನು ಕಾದದ್ದು ಈ ಮಾತಿಗೇ. ಸಂತೋಷವಾಗಬೇಕಿತ್ತು. ಎದೆ ಒಡೆಯಿತು.

“ಆಕಿನ್ನ ಬಿಟ್ಟು ಹೆಂಗ ಬರ್ಲಿ?” ಎಂದೆ.

ಅವರು ಸಿಟ್ಟಾಗಲಿಲ್ಲ. ತಟ್ಟೆ ಸರಿಸಿ, ನನ್ನ ಕೈ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದರು. “ಎಲ್ಲಿ ಅದಾಳ ತೋರ್ಸು. ಇಬ್ರೂ ಹೋಗಿ ಕೈ ಮುಗದು ಬರೋಣ. ಆಮ್ಯಾಲ ಊರಿಗೆ ಹೋಗೋಣ.”

ಕೈ ಎತ್ತಿದೆ. ಆಸ್ಪತ್ರೆ ಒಂದು ಕಡೆ, ಬೆಟ್ಟ ಇನ್ನೊಂದು ಕಡೆ. ಎತ್ತಿದ ಕೈಯನ್ನು ಯಾವ ಕಡೆ ತಿರುಗಿಸಲಿ ಎಂದು ತಿಳಿಯದೆ ಹಾಗೇ ನಿಂತೆ.