ಕ್ಯಾಪ್ಸೂಲಿಗೆ ಹಾಲು

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲಿನ ಒಂದು ಅರ್ಧ ಕಿತ್ತಳೆ, ಇನ್ನೊಂದು ಅರ್ಧ ಹಳದಿ. ಇವತ್ತು ತಿರುವನಂತಪುರದ ನನ್ನ ಕೋಣೆಯಲ್ಲಿ ಹಳೆಯ ನೋಟ್ಸ್ ಬಿಸಾಡಲು ಕೂತಾಗ, ಪುಟಗಳ ನಡುವೆ ಅದರ ಖಾಲಿ ಸ್ಟ್ರಿಪ್ ಸಿಕ್ಕಿತು. ಪುಟ ಗುರುತಿಗೆ ಇಟ್ಟಿದ್ದೆ. ಬಯೋಕೆಮಿಸ್ಟ್ರಿಯವರ ಮನೆಯಲ್ಲಿ ನವಿಲುಗರಿ ಕಡಿಮೆ.

ಎಂ.ಎಸ್ಸಿ. ಓದುವಾಗ ರಜೆಗೆ ತ್ರಿಪ್ಪುಣಿತ್ತುರದ ಮನೆಗೆ ಬಂದಿದ್ದೆ. ಅಪ್ಪನಿಗೆ ಎದೆಯ ಸೋಂಕು, ಜ್ವರ; ಡಾಕ್ಟರು ಈ ಕ್ಯಾಪ್ಸೂಲು ಬರೆದುಕೊಟ್ಟಿದ್ದರು. ಕಾಸರಗೋಡಿನಿಂದ ಬ್ಯಾಂಕಿನ ಕೆಲಸಕ್ಕೆ ಬಂದ ಅವರಿಗೆ ಜ್ವರದಲ್ಲೂ ವಿವರಣೆ ಬೇಕು.

"ಇದು ಒಳಗೆ ಹೋಗಿ ಎಂತ ಮಾಡ್ತದೆ?"

ಪರೀಕ್ಷೆ ಮುಗಿಸಿ ಬಂದವರನ್ನು ನೀವಾದರೂ ಹೀಗೆ ಕೇಳಬೇಡಿ. ಜೀವಕೋಶದೊಳಗಿನ ರೈಬೋಸೋಮಿನಲ್ಲಿ ಪ್ರೋಟೀನು ಹೇಗೆ ಹೆಣೆಯಲ್ಪಡುತ್ತದೆ, ಕೆಲವು ಪ್ರೋಟೀನುಗಳು ತಾವು ಹೋಗಬೇಕಾದ ಜಾಗದ ವಿಳಾಸವನ್ನು ತಲೆಯಲ್ಲೇ ಹೇಗೆ ಹೊತ್ತಿರುತ್ತವೆ, ಎಲ್ಲ ಹೇಳಿದೆ.

"ನಮ್ಮ ಬ್ಯಾಂಕಿನ ತಪಾಲಿಗಿಂತ ಶಿಸ್ತು ಉಂಟು," ಎಂದರು ಅಪ್ಪ.

"ಈ ಔಷಧಿ ಆ ಹೆಣಿಗೆಯನ್ನೇ ನಿಲ್ಲಿಸುತ್ತದೆ," ಎಂದು ಮುಗಿಸಿದೆ. ಬ್ಯಾಕ್ಟೀರಿಯಾದಲ್ಲಿ ಮಾತ್ರ ಎನ್ನುವುದನ್ನು ಹೇಳಲಿಲ್ಲ. ಅದು ಯಾರಿಗೆ ಗೊತ್ತಿಲ್ಲ?

ನಾಲ್ಕನೆಯ ದಿನವೂ ಜ್ವರ ಇಳಿಯಲಿಲ್ಲ. ಸಂಜೆ ಡಾಕ್ಟರು ಫೋನಿನಲ್ಲಿ, ಈ ಔಷಧಿ ಹಿಡಿಯುತ್ತಿಲ್ಲ, ನಾಳೆ ಆಸ್ಪತ್ರೆಗೆ ಸೇರಿಸಿ ಇಂಜೆಕ್ಷನ್ ಶುರು ಮಾಡೋಣ ಎಂದರು. ಫೋನಿಟ್ಟು ತಿರುಗಿದರೆ ಅಮ್ಮ ಒಂದು ಕೈಯಲ್ಲಿ ಕ್ಯಾಪ್ಸೂಲು, ಇನ್ನೊಂದರಲ್ಲಿ ದೊಡ್ಡ ಲೋಟ ಹಾಲು ಹಿಡಿದು ಅಪ್ಪನ ಕೋಣೆಗೆ ಹೊರಟಿದ್ದರು.

"ಹಾಲು ಎಂತಕ್ಕೆ ಅಮ್ಮ?"

"ನೀನೇ ಹೇಳಿದ್ದಲ್ವಾ, ಇದು ಪ್ರೋಟೀನು ಆಗ್ಲಿಕ್ಕೆ ಬಿಡುದಿಲ್ಲ ಅಂತ? ಪಾಪ, ಅವರಿಗೆ ಬೇಡ್ವಾ? ಪ್ರತಿ ಸಲ ಒಂದು ಲೋಟ ಕೊಡ್ತಾ ಇದ್ದೇನೆ."

ಹಾಲಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನನ್ನು ಹೊಟ್ಟೆಯಲ್ಲೇ ಹಿಡಿದು ಕೂರುತ್ತದೆ. ಔಷಧಿಯ ಹೆಚ್ಚಿನ ಪಾಲು ರಕ್ತಕ್ಕೆ ಹೋಗುವುದೇ ಇಲ್ಲ. ನಮ್ಮ ಪಠ್ಯದಲ್ಲಿ ಅದು ಒಂದು ಸಾಲು. ನಾನು ಅಡಿಗೆರೆ ಎಳೆದ ಸಾಲು.

ಹೇಳಿದೆ. ಅಮ್ಮ ಲೋಟ ಮೇಜಿನ ಮೇಲಿಟ್ಟರು.

"ಡಾಕ್ಟರಿಗೆ ಹೇಳ್ಬೇಡ ಮಾರಾಯ್ತಿ. ಗಂಡನಿಗೆ ಮಾತ್ರೆ ಕೊಡ್ಲಿಕ್ಕೂ ಬರುದಿಲ್ಲ ಅಂತಾರೆ."

ಒಳಗಿನಿಂದ ಅಪ್ಪ, "ಹಾಲು ಒಳ್ಳೇದಿತ್ತು," ಎಂದರು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಡಾಕ್ಟರ ಮನೆಯ ಗೇಟು ತೆರೆದೆ. ಅವರು ಪೇಪರ್ ಓದುತ್ತಿದ್ದರು. ನಾಲ್ಕು ದಿನವೂ ಕ್ಯಾಪ್ಸೂಲನ್ನು ಹಾಲಿನ ಜೊತೆ ಕೊಟ್ಟದ್ದು ನಾನು ಎಂದೆ. ಅವರು ಕನ್ನಡಕ ತೆಗೆದರು.

"ಹಾಗಾದರೆ ಇವತ್ತು ಆಸ್ಪತ್ರೆ ಬೇಡ. ನೀರಿನ ಜೊತೆ ಕೊಡಿ, ಎರಡು ದಿನ ನೋಡೋಣ." ಎರಡನೆಯ ದಿನ ಜ್ವರ ಬಿಟ್ಟಿತು, ಅದು ಆಮೇಲಿನ ಮಾತು. "ಮೋಳೇ," ಎಂದರು ಡಾಕ್ಟರು, ಮಲಯಾಳದಲ್ಲಿ ಮಗಳೇ ಎಂದು ಕರೆದು. "ನೀನು ಏನು ಓದುತ್ತಿರುವುದು?"

"ಕಾಮರ್ಸ್," ಎಂದೆ.